ಗೊಂಬೆಮನೆಯ ಗೋಡೆಗೆ ಕಂಡಿ ತೆಗೆಯುವ ಬಗೆ

ತಂಗಿಯ ಮಗಳಿಗೆ ನಾನು ಮಾಡಿಕೊಟ್ಟ ಮೊದಲ ಗೊಂಬೆಮನೆಯಲ್ಲಿ ಅಡುಗೆಕೋಣೆಯ ಕಿಟಕಿ ಚಾವಡಿಯ ಬಾಗಿಲಿಗಿಂತ ಅಗಲ ಉಂಟು. ಬೇಕೆಂದು ಮಾಡಿದ್ದಲ್ಲ. ರೋಟರಿ ಟೂಲನ್ನು, ಅಂದರೆ ತುದಿಯಲ್ಲಿ ಬಿಟ್ ಎಂಬ ಕೊರೆಯುವ ಕಡ್ಡಿಯನ್ನು ಜೋರಾಗಿ ತಿರುಗಿಸುವ ಸಣ್ಣ ಕೈಯಂತ್ರವನ್ನು, ತಪ್ಪು ದಿಕ್ಕಿಗೆ ಓಡಿಸಿದೆ, ಅದು ದಾರಿ ತೋರಿಸಲು ಇಟ್ಟ ಪಟ್ಟಿ ಬಿಟ್ಟು ಓಡಿತು, ಹಾಳಾದ ಅಂಚನ್ನು ಸರಿಮಾಡುತ್ತ ಮಾಡುತ್ತ ಕಿಟಕಿ ಬೆಳೆಯಿತು. "ಮಾಮ, ಈ ಕಿಟಕಿಯಲ್ಲಿ ಅಜ್ಜಿ ಬಗ್ಗಿ ನೋಡಿದ್ರೆ ಹೊರಗೇ ಬೀಳ್ತಾರೆ" ಎಂದಳು ಹುಡುಗಿ. ಅಜ್ಜಿ ಎಂದರೆ ಎರಡಿಂಚಿನ ಬಟ್ಟೆ ಗೊಂಬೆ. ಮಾತು ಮಾತ್ರ ಸತ್ಯ.

ಅದರ ನಂತರ ಮಂಗಳೂರಿನ ನಮ್ಮ ಮನೆಯ ಜಗಲಿಯಲ್ಲಿ ಇನ್ನೂ ಮೂರು ಮನೆ ಎದ್ದವು. ಅವುಗಳಲ್ಲಿ ಒಂದು ಹಂಚಿನ ಮಾಡಿನ, ತುಳುನಾಡಿನ ಹಳೆಯ ದೊಡ್ಡ ಮನೆತನದ ಗುತ್ತಿನ ಮನೆಯ ಹಾಗಿನದು. ಕಿಟಕಿ ಬಾಗಿಲುಗಳ ಕಂಡಿ ಕೊರೆಯುವುದನ್ನು ಕಲಿತದ್ದು ಅವುಗಳ ಮೇಲೆ. ಕಲಿತದ್ದನ್ನು ಇಲ್ಲಿ ಕ್ರಮವಾಗಿ ಬರೆಯುತ್ತೇನೆ. ಡಿಸೆಂಬರ್ ಹತ್ತಿರ ಬರುವಾಗ ಕ್ರಿಸ್ಮಸ್ ಗೋದಲಿಯ ಗುಡಿಸಲು, ಮನೆ ಕಟ್ಟುವವರಿಗೂ ಇದೇ ಕೆಲಸ ಇರುತ್ತದೆ. ಅವರಿಗೂ ಉಪಯೋಗಕ್ಕೆ ಬಂದೀತು.

ಒಂದು ವಿಷಯ ಮೊದಲೇ ಹೇಳಿಬಿಡುವುದು ಒಳ್ಳೆಯದು. ಈ ಕೆಲಸದಲ್ಲಿ ನೇರವಾಗಿ ಕತ್ತರಿಸುವುದು ಯಂತ್ರ ಅಲ್ಲ, ಯಂತ್ರದ ಪಕ್ಕದಲ್ಲಿ ನೀವು ಕಚ್ಚಿಸಿ ಇಟ್ಟ ಪಟ್ಟಿ. ಯಂತ್ರಕ್ಕೆ ಕಣ್ಣಿಲ್ಲ. ಕೈಯಲ್ಲಿ ಹಿಡಿದು ಗೆರೆ ನೋಡಿಕೊಂಡು ನೇರ ಕತ್ತರಿಸುತ್ತೇನೆ ಎಂದು ಹೊರಟರೆ, ಯಂತ್ರದ ಮೂತಿಗೆ ಎಷ್ಟು ಬೆಲೆಯ ಅಟ್ಯಾಚ್‌ಮೆಂಟ್ (ಜೋಡಿಸುವ ಸಾಧನ) ಹಾಕಿದರೂ ಹಲಸಿನಕಾಯಿಯ ಮೈಯಂಥ ಅಂಚೇ ಬರುವುದು.

ಕೊರೆಯುವ ಮೊದಲು

ಗೋಡೆಗಳನ್ನು ಜೋಡಿಸುವ ಮುಂಚೆಯೇ ಕಂಡಿ ತೆಗೆಯಬೇಕು. ಹಲಗೆ ಮೇಜಿನ ಮೇಲೆ ಮಟ್ಟಸವಾಗಿ ಮಲಗಿರುವಾಗ ಅರ್ಧ ಗಂಟೆಯಲ್ಲಿ ಮುಗಿಯುವ ಕೆಲಸ, ಮನೆ ಎದ್ದು ನಿಂತ ಮೇಲೆ ಅರ್ಧ ದಿನ ಹಿಡಿಯುತ್ತದೆ. ಹಾಗೆಂದು ಈಗಾಗಲೇ ಕಟ್ಟಿದ ಮನೆಗೆ ಕಿಟಕಿ ಸೇರಿಸಲೇಬೇಕಾಗುವುದೂ ಉಂಟು. ಅದಕ್ಕೂ ದಾರಿ ಇದೆ, ಮುಂದೆ ಬರುತ್ತದೆ.

ಗೊಂಬೆಮನೆಗಳಲ್ಲಿ ಹೆಚ್ಚು ಬಳಕೆಯ ಅಳತೆ 1:12, ಅಂದರೆ ನಿಜದ ಒಂದು ಅಡಿಗೆ ಗೊಂಬೆಮನೆಯಲ್ಲಿ ಒಂದು ಇಂಚು. ಲೆಕ್ಕ ಸುಲಭ. 3 ಅಡಿ ಅಗಲ, 4 ಅಡಿ ಎತ್ತರದ ಕಿಟಕಿ ಇಲ್ಲಿ 76 ಮಿ.ಮೀ. ಅಗಲ, 102 ಮಿ.ಮೀ. ಎತ್ತರ ಆಗುತ್ತದೆ. ಆರೂವರೆ ಅಡಿಯ ಬಾಗಿಲು 165 ಮಿ.ಮೀ. ಆದರೆ ಹಳೆಯ ಮನೆ ಮಾಡುವವರು ಈಗಿನ ಮನೆಗಳ ಅಳತೆ ತೆಗೆದುಕೊಳ್ಳಬೇಡಿ. ಮಣಿಪಾಲದ ಹಸ್ತಶಿಲ್ಪ ಹೆರಿಟೇಜ್ ವಿಲೇಜ್‌ನಲ್ಲಿ ವಿಜಯನಾಥ ಶೆಣೈಯವರು ಬೇರೆ ಬೇರೆ ಕಡೆಯಿಂದ ಬಿಚ್ಚಿ ತಂದು ಮತ್ತೆ ನಿಲ್ಲಿಸಿದ ಮನೆಗಳಿವೆ. ಒಮ್ಮೆ ಹೋಗಿ ಸುತ್ತಿ ಬನ್ನಿ. ತಲೆ ತಗ್ಗಿಸಿ ಒಳಗೆ ಹೋಗುವ ಬಾಗಿಲು, ಕಾಲೆತ್ತಿ ದಾಟುವ ಹೊಸ್ತಿಲು, ಮರದ ಸರಳಿನ ಸಣ್ಣ ಕಿಟಕಿ ಕಣ್ಣಿಗೆ ಬಿದ್ದರೆ, ನಿಮ್ಮ ಗೋಡೆಯ ಮೇಲಿನ ಗೆರೆಗಳು ತಾವಾಗಿಯೇ ಚಿಕ್ಕದಾಗುತ್ತವೆ.

ಆ ಹೊಸ್ತಿಲು ನಮ್ಮ ಕೆಲಸಕ್ಕೂ ಬಹಳ ಸಹಾಯ ಮಾಡುತ್ತದೆ. ಬಾಗಿಲಿನ ಕಂಡಿಯನ್ನು ಹಲಗೆಯ ಕೆಳ ಅಂಚಿನವರೆಗೂ ಇಳಿಸಿದರೆ ಗೋಡೆ ಎರಡು ಕಾಲಿನ ಮೇಲೆ ನಿಂತ ಹಾಗೆ ಆಗುತ್ತದೆ. ಎತ್ತಿ ಇಡುವಾಗ ಮೂಲೆಯಲ್ಲಿ ಬಿರುಕು ಬಿಡುತ್ತದೆ. ಕೆಳಗೆ 10 ಮಿ.ಮೀ. ಪಟ್ಟಿಯನ್ನು ಹಾಗೇ ಉಳಿಸಿ, ಮುಂದೆ ಅದರ ಮೇಲೆ ಮರದ ಹೊಸ್ತಿಲು ಅಂಟಿಸಿ. ನಿಜದ ಲೆಕ್ಕಕ್ಕೆ ಅದು ಸುಮಾರು 12 ಸೆಂ.ಮೀ. ಎತ್ತರ, ನಮ್ಮ ಕಡೆಯ ಹಳೆ ಮನೆಗೆ ಸರಿಯಾಗಿಯೇ ಹೊಂದುತ್ತದೆ.

ಹಲಗೆಯ ವಿಷಯ. ನಾನು 6 ಮಿ.ಮೀ. ಪ್ಲೈವುಡ್ ಬಳಸುತ್ತೇನೆ. ಫರ್ನಿಚರ್ ಮಾಡುವವರಲ್ಲಿ ಕೇಳಿದರೆ ಉಳಿದ ತುಂಡುಗಳು ಸಿಗುತ್ತವೆ. ಮರದ ನಾರನ್ನು ಅಂಟಿನಲ್ಲಿ ಒತ್ತಿ ಮಾಡಿದ ಎಂಡಿಎಫ್ ಹಲಗೆ ಕೊರೆಯಲು ಇನ್ನೂ ಸುಲಭ, ಎಳೆ ಇಲ್ಲದ್ದರಿಂದ ಬಿಟ್ ಅತ್ತಿತ್ತ ಎಳೆಯುವುದಿಲ್ಲ, ಅಂಚು ಬೆಣ್ಣೆಯ ಹಾಗೆ ಬರುತ್ತದೆ. ಆದರೆ ಜೂನ್ ಬಂದ ಕೂಡಲೇ ಗೋಡೆಯೇ ಬೆವರುವ ನಮ್ಮ ಕರಾವಳಿಯಲ್ಲಿ ಎಂಡಿಎಫ್‌ನ ಕತ್ತರಿಸಿದ ಅಂಚು ನೀರು ಕುಡಿದು ಉಬ್ಬುತ್ತದೆ, ಕೂತ ಕಿಟಕಿ ಮತ್ತೆ ತೆರೆಯುವುದಿಲ್ಲ. ಅದನ್ನೇ ಬಳಸುವುದಾದರೆ ಕೊರೆದ ಅಂಚಿಗೆ ಅದೇ ದಿನ ಪ್ರೈಮರ್ ಹೊಡೆಯಬೇಕು. ಫೋಮ್ ಬೋರ್ಡು, ಥರ್ಮೊಕೋಲುಗಳಿಗೆ ರೋಟರಿ ಟೂಲ್ ತೋರಿಸಲೇಬೇಡಿ. ಕರಗಿ ಬಿಟ್ಟಿಗೆ ಸುತ್ತಿಕೊಳ್ಳುತ್ತದೆ. ಅವಕ್ಕೆ ಹರಿತವಾದ ಕಟ್ಟರ್ ಸಾಕು.

ಯಂತ್ರ

ಬೆರಳಿನ ಹಿಡಿತದಲ್ಲಿ ನಿಲ್ಲುವ ಈ ಸಣ್ಣ ಯಂತ್ರಕ್ಕೆ ಹೆಚ್ಚಿನವರು ಡ್ರೆಮೆಲ್ ಎಂದೇ ಹೇಳುತ್ತಾರೆ, ಬೇರೆ ಕಂಪನಿಯದ್ದಾದರೂ. ಆಲ್ಬರ್ಟ್ ಡ್ರೆಮೆಲ್ ಎಂಬವರು 1932ರಲ್ಲಿ ಅಮೆರಿಕದ ವಿಸ್ಕಾನ್ಸಿನ್‌ನಲ್ಲಿ ಶುರುಮಾಡಿದ ಕಂಪನಿಯ ಹೆಸರು ಅದು. ಅದರ ಸ್ವಭಾವ ಅರ್ಥವಾದರೆ ಅರ್ಧ ಕೆಲಸ ಕಲಿತ ಹಾಗೆ. ಗೋಡೆಗೆ ತೂತು ಕೊರೆಯುವ ದೊಡ್ಡ ಡ್ರಿಲ್ ನಿಮಿಷಕ್ಕೆ ಹೆಚ್ಚೆಂದರೆ 3,000 ಸುತ್ತು ತಿರುಗೀತು, ಆದರೆ ಅದರಲ್ಲಿ ಬಲ ಉಂಟು. ಡ್ರೆಮೆಲ್ 4000 ಎಂಬ ಮಾದರಿ 5,000ದಿಂದ 35,000 ಸುತ್ತು ತಿರುಗುತ್ತದೆ, ಬಲ ಕಡಿಮೆ. ಹಾಗಾಗಿ ಇದನ್ನು ಒತ್ತಿ ತಳ್ಳಿ ಕೆಲಸ ಮಾಡಿಸಲು ಆಗುವುದಿಲ್ಲ. ಒತ್ತಿದರೆ ಶಬ್ದ ಇಳಿಯುತ್ತದೆ, ಬಿಟ್ ಬಿಸಿಯಾಗುತ್ತದೆ, ಮರ ಕಪ್ಪಾಗುತ್ತದೆ. ಹಾಗೆಂದು ಒಂದೇ ಜಾಗದಲ್ಲಿ ನಿಂತರೂ ಸುಡುತ್ತದೆ. ಶಬ್ದ ಒಂದೇ ಶ್ರುತಿಯಲ್ಲಿ ಇರುವಷ್ಟು ವೇಗದಲ್ಲಿ ಮುಂದೆ ಹೋಗುತ್ತಿರಬೇಕು.

ವಿದೇಶದಲ್ಲಿರುವವರು ಊರಿಗೆ ಬರುವಾಗ ತಂದುಕೊಟ್ಟ ಯಂತ್ರ ನಮ್ಮ ಜಿಲ್ಲೆಗಳಲ್ಲಿ ಮನೆಗೊಂದು ಸಿಕ್ಕೀತು. ದುಬೈ, ಕತಾರ್ ಕಡೆಯದ್ದಾದರೆ ತೊಂದರೆ ಇಲ್ಲ, ಪಿನ್ ಮಾತ್ರ ಚೌಕ, ಅಡಾಪ್ಟರ್ ಸಾಕು. ಅಮೆರಿಕದಿಂದ ಬಂದದ್ದಾದರೆ ಮೈಮೇಲಿನ ಚೀಟಿ ಓದಿ. ಅಲ್ಲಿ 120 ವೋಲ್ಟ್ ಎಂದಿದ್ದರೆ ನಮ್ಮ 230 ವೋಲ್ಟಿನ ಪ್ಲಗ್ಗಿಗೆ ಹಾಕಿದ ಕ್ಷಣದಲ್ಲಿ ಹೊಗೆ ಬರುತ್ತದೆ. ನಮ್ಮ ನೆಂಟರೊಬ್ಬರ ಯಂತ್ರ ಪೆಟ್ಟಿಗೆಯಿಂದ ಹೊರಬಂದು ಒಂದು ನಿಮಿಷವೂ ಬದುಕಲಿಲ್ಲ.

ಯಾವ ಅಟ್ಯಾಚ್‌ಮೆಂಟ್?

ಅಂಗಡಿಯಲ್ಲಿ ನೂರು ತುಂಡಿನ ಪೆಟ್ಟಿಗೆ ತೋರಿಸುತ್ತಾರೆ. ಅದರಲ್ಲಿ ಹೆಚ್ಚಿನವು ಉಜ್ಜುವ ಕಲ್ಲು, ಪಾಲಿಶ್ ಮಾಡುವ ಫೆಲ್ಟು, ಬೆಳ್ಳಿ ಕೆಲಸದವರಿಗೆ ಬೇಕಾದದ್ದು. ಕಂಡಿ ಕೊರೆಯಲು ಬೇಕಾದದ್ದು ಬೆರಳೆಣಿಕೆಯಷ್ಟು.

ಮುಖ್ಯವಾದದ್ದು ಕಟಿಂಗ್ ಗೈಡು ಮತ್ತು ಅದಕ್ಕೆ ಹಾಕುವ ಸುರುಳಿ ಬಿಟ್. ಯಂತ್ರದ ಮೂತಿಯ ತಿರುಪು ಮುಚ್ಚಳ ಬಿಚ್ಚಿ ಆ ಜಾಗಕ್ಕೆ ಗೈಡನ್ನು ತಿರುಗಿಸಿ ಕೂರಿಸುವುದು. ಇದಕ್ಕೆ ಹಲಗೆಯ ಮೇಲೆ ಜಾರುವ ಒಂದು ಪಾದ ಇರುತ್ತದೆ. ಪಾದವನ್ನು ಮೇಲೆ ಕೆಳಗೆ ಸರಿಸಿದರೆ ಬಿಟ್ ಎಷ್ಟು ಆಳಕ್ಕೆ ಇಳಿಯಬೇಕೆಂಬುದು ನಿಗದಿಯಾಗುತ್ತದೆ. ಬಿಟ್ 3.2 ಮಿ.ಮೀ. ದಪ್ಪ. ಡ್ರಿಲ್ ಬಿಟ್ಟಿನ ಹಾಗೆ ಕಂಡರೂ ಇದು ತುದಿಯಿಂದ ಮಾತ್ರ ಅಲ್ಲ, ಪಕ್ಕದಿಂದಲೂ ಕತ್ತರಿಸುತ್ತದೆ. ಸಾದಾ ಡ್ರಿಲ್ ಬಿಟ್ ಹಾಕಿ ಪಕ್ಕಕ್ಕೆ ಎಳೆದರೆ ಮುರಿದು ಹಾರುತ್ತದೆ. ಎರಡನ್ನು ಒಂದೇ ಡಬ್ಬಿಯಲ್ಲಿ ಇಡಬೇಡಿ.

ಪ್ಲಂಜ್ ರೂಟರ್ ಎಂಬ ಇನ್ನೊಂದು ಅಟ್ಯಾಚ್‌ಮೆಂಟಿಗೆ ಸ್ಪ್ರಿಂಗಿನ ಎರಡು ಕಂಬ ಇರುತ್ತವೆ. ಒತ್ತಿದಷ್ಟು ಇಳಿಯುತ್ತದೆ, ಬಿಟ್ಟರೆ ಮೇಲೆ ಏಳುತ್ತದೆ. ನೇರ ರೂಟರ್ ಬಿಟ್ ಹಾಕಿ ಒಂದೊಂದು ಸಲಕ್ಕೆ 2 ಮಿ.ಮೀ. ಇಳಿಸುತ್ತ ಮೂರು ಸುತ್ತಿನಲ್ಲಿ 6 ಮಿ.ಮೀ. ಹಲಗೆ ದಾಟುವುದು. ಅಂಚು ಕಟಿಂಗ್ ಗೈಡಿನದ್ದಕ್ಕಿಂತ ಚೆನ್ನಾಗಿ ಬರುತ್ತದೆ. ದಪ್ಪ ಗೋಡೆಗೆ, ಒಂದೇ ಅಳತೆಯ ಹತ್ತು ಕಿಟಕಿ ಇದ್ದರೆ ಕೊಳ್ಳಬಹುದು. ಒಂದೇ ಮನೆ ಮಾಡುವವರಿಗೆ ಅಗತ್ಯ ಇಲ್ಲ ಎಂದೇ ನನ್ನ ಅಭಿಪ್ರಾಯ.

ಮಿನಿ ಸಾ ಎಂದರೆ ಯಂತ್ರದ ಮೂತಿಗೆ ಹಾಕುವ ಸಣ್ಣ ದುಂಡು ಗರಗಸ. 6.4 ಮಿ.ಮೀ. ದಪ್ಪದವರೆಗೆ ಕತ್ತರಿಸುತ್ತದೆ. ನೇರ ಗೆರೆಗೆ ಇದರಷ್ಟು ಚೆಂದ ಯಾವುದೂ ಇಲ್ಲ, ಕಂಡಿಗೆ ಮಾತ್ರ ಒಂದು ಕೊರತೆ ಉಂಟು. ಬ್ಲೇಡು ದುಂಡಗಿರುವುದರಿಂದ ಮೇಲಿನ ಮೈಯಲ್ಲಿ ಕಡಿತ ಮೂಲೆ ಮುಟ್ಟಿದಾಗ ಕೆಳಗಿನ ಮೈಯಲ್ಲಿ ಅದು ಇನ್ನೂ ಸುಮಾರು ಒಂದು ಸೆಂ.ಮೀ. ಹಿಂದೆಯೇ ಇರುತ್ತದೆ. ಕೆಳಗೂ ಮುಟ್ಟಲಿ ಎಂದು ಮುಂದೆ ಹೋದರೆ ಮೇಲೆ ಮೂಲೆ ದಾಟಿ ಗೋಡೆಗೆ ಗೀರು ಬೀಳುತ್ತದೆ. ಆದ್ದರಿಂದ ಮೂಲೆಗಳನ್ನು ಕೈಗರಗಸಕ್ಕೆ ಬಿಡಬೇಕು.

ಇನ್ನು ಪೆಟ್ಟಿಗೆಯಲ್ಲಿ ರಾಶಿ ಬರುವ ಕಂದು ಬಣ್ಣದ ತೆಳು ಕಟ್-ಆಫ್ ಚಕ್ರಗಳು. ಅವು ಮೊಳೆ, ತಂತಿ ಕತ್ತರಿಸಲು. ಮರಕ್ಕೆ ಇಟ್ಟರೆ ಕತ್ತರಿಸುವುದಿಲ್ಲ, ಸುಡುತ್ತದೆ, ಸ್ವಲ್ಪ ಓರೆಯಾದರೆ ಒಡೆದು ಚೂರು ಮುಖಕ್ಕೆ ಹಾರುತ್ತದೆ.

ಗೆರೆ ಮತ್ತು ಅಚ್ಚು

ಚೌಕಟ್ಟು ಅಥವಾ ದಾರಂದ ಮೊದಲು ಮಾಡಿ ಅಥವಾ ಕೊಂಡುಕೊಳ್ಳಿ, ಕಂಡಿ ಆಮೇಲೆ. ಕೊಂಡ ಕಿಟಕಿಯ ಪೊಟ್ಟಣದ ಮೇಲೆ ಬರೆದ ಅಳತೆಯನ್ನು ನಂಬದೆ ಕ್ಯಾಲಿಪರ್‌ನಲ್ಲಿ ಅಳೆಯಿರಿ. ಗೋಡೆಯೊಳಗೆ ಕೂರುವ ಭಾಗದ ಹೊರ ಅಳತೆಗೆ ಒಟ್ಟು 1 ಮಿ.ಮೀ. ಸೇರಿಸಿದರೆ ಕಂಡಿಯ ಅಳತೆ. ಬಣ್ಣದ ದಪ್ಪಕ್ಕೂ ಮಳೆಗಾಲದ ಉಬ್ಬಿಗೂ ಆ ಒಂದು ಮಿ.ಮೀ. ಬೇಕು. ಚೌಕಟ್ಟು 75 × 101 ಇದ್ದರೆ ಕಂಡಿ 76 × 102.

ಗೆರೆಯನ್ನು ಪೆನ್ಸಿಲಿನಲ್ಲಿ ಎಳೆದು ಮೂಲೆಮಟ್ಟದಲ್ಲಿ ನಾಲ್ಕೂ ಮೂಲೆ ನೋಡಿ, ಎರಡು ಕರ್ಣ ಅಳೆಯಿರಿ. ಎರಡೂ ಸಮ ಬಂದರೆ ಕಂಡಿ ಚೌಕ. ಆಮೇಲೆ ಅದೇ ಗೆರೆಯ ಮೇಲೆ ಉಕ್ಕಿನ ಸ್ಕೇಲ್ ಇಟ್ಟು ಕಟ್ಟರಿನಿಂದ ಎರಡು ಮೂರು ಸಲ ಗೀರಿ. ಪ್ಲೈವುಡ್ಡಿನ ಮೇಲಿನ ಪದರದ ಎಳೆ ಕಡಿದು ಹೋಗುವುದರಿಂದ ಬಿಟ್ ಹಾಯುವಾಗ ಅಂಚು ಸಿಬರೇಳುವುದಿಲ್ಲ. ಹಿಂದೆ ಮುಂದೆ ಎರಡೂ ಕಡೆ ಮಾಸ್ಕಿಂಗ್ ಟೇಪ್ ಅಂಟಿಸಿದರೆ ಇನ್ನೂ ಒಳ್ಳೆಯದು.

ಈಗ ಪಟ್ಟಿಯ ಲೆಕ್ಕ. ಇದನ್ನು ನಿಧಾನವಾಗಿ ಓದಿ, ಉಳಿದದ್ದೆಲ್ಲ ಇದರ ಮೇಲೆ ನಿಂತಿದೆ. ಒಂದು ಬೇಡದ ಹಲಗೆಯ ಮೇಲೆ ನೇರ ಅಂಚಿನ ಪಟ್ಟಿಯನ್ನು ಕ್ಲ್ಯಾಂಪ್ ಮಾಡಿ. ಗೈಡಿನ ಪಾದವನ್ನು ಅದಕ್ಕೆ ಒತ್ತಿ ಒಂದು ಗೇಣು ಉದ್ದ ಕತ್ತರಿಸಿ. ಪಟ್ಟಿಯ ಅಂಚಿನಿಂದ ಕಡಿತದ ಹತ್ತಿರದ ಅಂಚಿಗೆ ಎಷ್ಟು ದೂರ ಎಂದು ಅಳೆಯಿರಿ. ನನ್ನದರಲ್ಲಿ 21 ಮಿ.ಮೀ. ಬಂತು, ನಿಮ್ಮದರಲ್ಲಿ ಬೇರೆ ಬಂದೀತು. ಆ ಸಂಖ್ಯೆಯನ್ನು ಗೈಡಿನ ಮೇಲೆಯೇ ಮಾರ್ಕರಿನಲ್ಲಿ ಬರೆದಿಡಿ. ಪಾದದ ಯಾವ ಬದಿ ಪಟ್ಟಿಗೆ ತಾಗಿತ್ತು ಎಂಬುದಕ್ಕೂ ಒಂದು ಗುರುತು ಹಾಕಿ, ಎಲ್ಲ ಬದಿಯೂ ಬಿಟ್ಟಿನಿಂದ ಒಂದೇ ದೂರ ಇರುತ್ತದೆಂಬ ಭರವಸೆ ಇಲ್ಲ.

ನೇರವಾಗಿ ಗೆರೆಗೇ ಕತ್ತರಿಸಬಾರದು. ಗೆರೆಯಿಂದ ಒಂದು ಮಿ.ಮೀ. ಒಳಗೆ, ಅಂದರೆ ಬಿಸಾಡುವ ತುಂಡಿನ ಕಡೆಗೆ ಕತ್ತರಿಸಿ, ಉಳಿದ ಒಂದು ಮಿ.ಮೀ.ಯನ್ನು ಅರದಿಂದ (ಫೈಲ್) ತೆಗೆಯುವುದು. ಹಾಗಾಗಿ ನನ್ನ ಪಟ್ಟಿ ಗೆರೆಯಿಂದ 21 ಅಲ್ಲ, 20 ಮಿ.ಮೀ. ಹೊರಗೆ ಕೂರುತ್ತದೆ.

ಒಂದೇ ಕಿಟಕಿಗಾದರೆ ಪಟ್ಟಿಯನ್ನು ನಾಲ್ಕು ಸಲ ಬಿಚ್ಚಿ ಕಟ್ಟಬಹುದು. ಆರು ಕಿಟಕಿ ಇದ್ದರೆ ನಾಲ್ಕು ಪ್ಲೈವುಡ್ ಪಟ್ಟಿಗಳನ್ನು ಅಂಟಿಸಿ ಚೌಕಟ್ಟಿನ ಹಾಗೆ ಒಂದು ಅಚ್ಚು ಮಾಡಿ. 76 × 102ರ ಕಂಡಿಗೆ ಅಚ್ಚಿನ ಒಳ ಅಳತೆ ಹೀಗೆ ಬರುತ್ತದೆ: ಅಗಲಕ್ಕೆ 76ರಲ್ಲಿ 2 ಕಳೆದು 42 ಕೂಡಿಸಿ, 116. ಎತ್ತರಕ್ಕೆ 102ರಲ್ಲಿ 2 ಕಳೆದು 42 ಕೂಡಿಸಿ, 142. ಕಳೆದ 2 ಎಂದರೆ ಎರಡು ಬದಿಯಲ್ಲಿ ಉಳಿಸುವ ಒಂದೊಂದು ಮಿ.ಮೀ., ಕೂಡಿಸಿದ 42 ಎಂದರೆ ಎರಡು ಬದಿಯ 21. ಗುತ್ತಿನ ಮನೆಯ ಒಂಬತ್ತು ಕಿಟಕಿ ನಾನು ತೆಗೆದದ್ದು ಇಂಥ ಒಂದೇ ಅಚ್ಚಿನಲ್ಲಿ. ಅಚ್ಚು ಮಾಡಲು ಒಂದು ಸಂಜೆ ಹೋಯಿತು, ಕಿಟಕಿಗಳಿಗೆ ಒಂದು ಬೆಳಗ್ಗೆ.

ಪಕ್ಕದ ಮನೆಗೆ ಬಾಗಿಲು ಸರಿಮಾಡಲು ಬಂದಿದ್ದ ಆಚಾರ್ರು ಈ ಅಚ್ಚನ್ನು ತಿರುಗಿಸಿ ಮುರುಗಿಸಿ ನೋಡಿದರು. "ಇಷ್ಟು ಸಣ್ಣ ಕಿಟಕಿಗೆ ಇಷ್ಟು ದೊಡ್ಡ ಏರ್ಪಾಡು ಎಂತಕ್ಕೆ ಮಾರಾಯ್ರೆ?" ಎಂದು ಕೇಳಿದರು. ನಾನು ಅಡುಗೆಕೋಣೆಯ ಹಳೆಯ ಕಿಟಕಿ ತೋರಿಸಿದೆ. "ಹೋ, ಹಾಗಾದ್ರೆ ಬೇಕು" ಎಂದರು.

ಕೊರೆಯುವುದು

ಮೊದಲು ಮೈ ಮುಖದ ಜಾಗ್ರತೆ. ಕನ್ನಡಕ ಬೇಕೇ ಬೇಕು, ಓದುವ ಕನ್ನಡಕ ಸಾಲದು, ಬದಿ ಮುಚ್ಚುವಂಥದ್ದು. ಎನ್‌95 ಮಾಸ್ಕ್ ಹಾಕಿ. ಮರದ ಧೂಳನ್ನು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಕ್ಯಾನ್ಸರ್‌ಕಾರಕಗಳ ಮೊದಲ ಗುಂಪಿನಲ್ಲಿ ಇಟ್ಟಿದೆ, ಎಂಡಿಎಫ್ ಧೂಳಿನಲ್ಲಿ ಅಂಟಿನ ಫಾರ್ಮಾಲ್ಡಿಹೈಡ್ ಬೇರೆ. ಮುಚ್ಚಿದ ಕೋಣೆ ಬೇಡ, ಜಗಲಿ ಒಳ್ಳೆಯದು. ಶಾಲು, ಸೆರಗು, ಉದ್ದ ಜಡೆ, ಸಡಿಲ ತೋಳು ಯಾವುದೂ ಯಂತ್ರದ ಹತ್ತಿರ ಬರಬಾರದು. ಲುಂಗಿ ಉಟ್ಟು ಮೊಣಕಾಲ ಮೇಲೆ ಹಲಗೆ ಇಟ್ಟುಕೊಂಡು ಕೊರೆಯುವವರನ್ನು ನಾನು ನೋಡಿದ್ದೇನೆ, ಅವರನ್ನು ಅನುಸರಿಸಬೇಡಿ. ಕೈಗವಸು ಸಹ ಬೇಡ, ತಿರುಗುವ ಬಿಟ್ಟಿಗೆ ನೂಲು ಸಿಕ್ಕಿದರೆ ಬೆರಳನ್ನೂ ಎಳೆದುಕೊಳ್ಳುತ್ತದೆ.

ಬಿಟ್ ಹಾಕುವಾಗ ಪ್ಲಗ್ ತೆಗೆದಿರಬೇಕು. ಬಿಟ್ಟಿನ ಕಾಂಡವನ್ನು ಅದನ್ನು ಕಚ್ಚಿ ಹಿಡಿಯುವ ಕಾಲೆಟ್‌ನಲ್ಲಿ ಪೂರ್ತಿ ಇಳಿಸಿ, ಒಂದೆರಡು ಮಿ.ಮೀ. ಹಿಂದೆ ತಂದು, ಕೀಲಿಯಿಂದ ಬಿಗಿ ಮಾಡಿ. ಬೆರಳಿನ ಬಿಗಿ ಸಾಲದು. ಸಡಿಲ ಬಿಟ್ ಕೆಲಸದ ನಡುವೆ ನಿಧಾನ ಕೆಳಗೆ ಇಳಿಯುತ್ತದೆ, ನಿಮಗೆ ಗೊತ್ತಾಗುವಾಗ ಮೇಜೂ ಕೊರೆದಿರುತ್ತದೆ.

ಗೋಡೆಯ ಹಲಗೆಯ ಕೆಳಗೆ ಒಂದು ಹಳೆಯ ಹಲಗೆ ಇಡಿ. ಬಿಸಾಡುವ ತುಂಡಿನ ಕೆಳಗೆ ಎರಡು ಬದಿಯ ಟೇಪ್ ಅಂಟಿಸಿ ಅದನ್ನು ಕೆಳಗಿನ ಹಲಗೆಗೆ ಕಚ್ಚಿಸಿ. ಇಲ್ಲದಿದ್ದರೆ ಕೊನೆಯ ಮೂಲೆ ಕತ್ತರಿಸುವ ಹೊತ್ತಿಗೆ ತುಂಡು ಅಲುಗಾಡಿ ಬಿಟ್ಟಿಗೆ ಸಿಕ್ಕಿ ಹಾರುತ್ತದೆ. ಅಚ್ಚು, ಗೋಡೆ, ಹಳೆ ಹಲಗೆ ಮೂರನ್ನೂ ಸೇರಿಸಿ ಮೇಜಿಗೆ ಕನಿಷ್ಠ ಎರಡು ಕ್ಲ್ಯಾಂಪ್. ಪಾದದ ದಾರಿಗೆ ಕ್ಲ್ಯಾಂಪಿನ ಹಿಡಿ ಅಡ್ಡ ಬರುತ್ತದೆಯೋ ಎಂದು ಯಂತ್ರ ಬಂದ್ ಇರುವಾಗಲೇ ಒಂದು ಸುತ್ತು ಓಡಿಸಿ ನೋಡಿ. ವಯರೂ ಹಾಗೆಯೇ, ಭುಜದ ಮೇಲಿನಿಂದ ಹಿಂದಕ್ಕೆ ಹೋಗುವಂತೆ ಇರಲಿ.

ಆಳವನ್ನು ಗೋಡೆಯ ದಪ್ಪಕ್ಕಿಂತ ಒಂದೂವರೆ ಎರಡು ಮಿ.ಮೀ. ಹೆಚ್ಚು ಇಡಿ. ಬಿಸಾಡುವ ತುಂಡಿನೊಳಗೆ, ಗೆರೆಯಿಂದ ದೂರ, 5 ಮಿ.ಮೀ.ಯ ಒಂದು ತೂತು ಸಾದಾ ಡ್ರಿಲ್‌ನಲ್ಲಿ ಕೊರೆದಿಟ್ಟುಕೊಳ್ಳಿ. ಸುರುಳಿ ಬಿಟ್ಟನ್ನು ಆ ತೂತಿನೊಳಗೆ ಇಳಿಸಿ, ಬದಿಗೆ ತಾಗದಂತೆ ಹಿಡಿದು, ಪಾದವನ್ನು ಮಟ್ಟಸವಾಗಿ ಒತ್ತಿ, ಎರಡೂ ಕೈಯಲ್ಲಿ ಹಿಡಿತ ಇದ್ದಾಗ ಸ್ವಿಚ್ ಹಾಕಿ. ವೇಗ ಮೇಲಿನ ತುದಿಗೆ ಹತ್ತಿರ ಇರಲಿ, ಯಂತ್ರದ ಜೊತೆ ಬಂದ ವೇಗದ ಕೋಷ್ಟಕದಲ್ಲಿ ಆ ಬಿಟ್ಟಿಗೆ ಬರೆದ ಸಂಖ್ಯೆಯನ್ನು ಮೀರಬಾರದು.

ದಿಕ್ಕು! ನನ್ನ ಅಡುಗೆಕೋಣೆ ಹಾಳಾದದ್ದು ಇಲ್ಲಿ. ಮೇಲಿನಿಂದ ನೋಡುವಾಗ ಬಿಟ್ ಗಡಿಯಾರದ ಮುಳ್ಳಿನ ಹಾಗೆ ತಿರುಗುತ್ತದೆ. ಮುಂದಕ್ಕೆ ತಳ್ಳುವಾಗ ಬಿಟ್ಟಿನ ಹಲ್ಲು ಎದುರಿನ ಮರವನ್ನು ಬಲಕ್ಕೆ ದೂಡುತ್ತದೆ, ಅದಕ್ಕೆ ಪ್ರತಿಯಾಗಿ ಯಂತ್ರ ಎಡಕ್ಕೆ ವಾಲುತ್ತದೆ. ಹಾಗಾಗಿ ಪಟ್ಟಿ ಯಾವಾಗಲೂ ನೀವು ಹೋಗುವ ದಿಕ್ಕಿನ ಎಡಗಡೆ ಇರಬೇಕು. ಆಗ ಯಂತ್ರ ತಾನಾಗಿಯೇ ಪಟ್ಟಿಗೆ ಒರಗಿಕೊಂಡು ಹೋಗುತ್ತದೆ. ಅಚ್ಚಿನ ಒಳಗೆ ಓಡಿಸುವಾಗ ಇದರ ಅರ್ಥ ಇಷ್ಟೇ: ಕಂಡಿಯನ್ನು ಪ್ರದಕ್ಷಿಣೆಯಾಗಿ ಸುತ್ತಬೇಕು. ಅಪ್ರದಕ್ಷಿಣೆ ಹೋದರೆ ಯಂತ್ರ ಪ್ರತಿ ಇಂಚಿಗೂ ಪಟ್ಟಿಯಿಂದ ದೂರ ಓಡಲು ನೋಡುತ್ತದೆ, ಗಂಟು ಸಿಕ್ಕಿದ ಜಾಗದಲ್ಲಿ ಓಡಿಯೇ ಬಿಡುತ್ತದೆ. ನಾನು ಅದನ್ನು ಹಿಡಿದು ಹಿಂದಕ್ಕೆ ಎಳೆದೆ, ಅದು ಕಿಟಕಿಯ ಗೆರೆ ದಾಟಿ ಗೋಡೆಗೆ ನುಗ್ಗಿತು. ದೇವಸ್ಥಾನಕ್ಕೆ ಹೋದ ಹಾಗೆ ಪ್ರದಕ್ಷಿಣೆ ಎಂದು ನೆನಪಿಟ್ಟುಕೊಳ್ಳಿ.

ಮೊದಲ ಸುತ್ತಿನಲ್ಲಿ ಮೂಲೆಯ ಹತ್ತಿರ ಸ್ವಲ್ಪ ನಿಧಾನಿಸಿ, ನಿಲ್ಲಬೇಡಿ. ಹೊಗೆ ಬಂದರೆ ಬಿಟ್ ಮೊಂಡಾಗಿದೆ ಅಥವಾ ಹಲ್ಲಿಗೆ ಅಂಟು ಕಟ್ಟಿದೆ. ಪ್ಲಗ್ ತೆಗೆದು, ತಣ್ಣಗಾದ ಮೇಲೆ ಹಿತ್ತಾಳೆ ಬ್ರಷ್ಷಿನಲ್ಲಿ ತಿಕ್ಕಿ. ಒಂದು ಸುತ್ತು ಮುಗಿದಾಗ ಯಂತ್ರವನ್ನು ಎತ್ತದೆ ಸ್ವಿಚ್ ಆಫ್ ಮಾಡಿ, ಬಿಟ್ ಪೂರ್ತಿ ನಿಂತ ಮೇಲೆ ಎತ್ತಿ.

ಮಳೆಗಾಲದಲ್ಲಿ ಕೆಲಸ ಮಾಡುವವರಿಗೆ ಒಂದು ಮಾತು. ನಡುವೆ ಕರೆಂಟು ಹೋದರೆ ಮೊದಲ ಕೆಲಸ ಯಂತ್ರದ ಸ್ವಿಚ್ ಆಫ್ ಮಾಡುವುದು, ಆಮೇಲೆ ಕ್ಯಾಂಡಲ್ ಹುಡುಕುವುದು. ಆನ್ ಇಟ್ಟು ಕೆಳಗಿಟ್ಟ ಯಂತ್ರ ಕರೆಂಟು ಬಂದ ಕೂಡಲೇ ಮೇಜಿನ ಮೇಲೆ ಏಡಿಯ ಹಾಗೆ ಓಡುತ್ತದೆ.

ಮೂಲೆ, ಅಂಚು

ಬಿಟ್ ದುಂಡಗಿದೆ, ಆದ್ದರಿಂದ ಮೂಲೆಯೂ ದುಂಡಗೇ ಬರುತ್ತದೆ. ಯಾವ ಅಟ್ಯಾಚ್‌ಮೆಂಟಿನಿಂದಲೂ ಈ ದುಂಡು ಹೋಗುವುದಿಲ್ಲ. ಅಗಲವಾದ ಉಳಿಯ ಚಪ್ಪಟೆ ಬದಿಯನ್ನು ಗೆರೆಗೆ ಇಟ್ಟು ಎರಡೂ ಕಡೆಯಿಂದ ಅರ್ಧರ್ಧ ಕಡಿಯಬಹುದು. ಉಳಿ ಹಿಡಿದು ಅಭ್ಯಾಸ ಇಲ್ಲದವರಿಗೆ ಚಪ್ಪಟೆ ಅರ ಒಳ್ಳೆಯದು, ಒಂದು ಬದಿಗೆ ಹಲ್ಲಿಲ್ಲದ ಅರ ಸಿಕ್ಕಿದರೆ ಇನ್ನೂ ಒಳ್ಳೆಯದು. ಒಂದು ಗೆರೆಯನ್ನು ಉಜ್ಜುವಾಗ ಪಕ್ಕದ ಗೆರೆ ತಿನ್ನುವುದಿಲ್ಲ.

ಯಂತ್ರದ ಜೊತೆ ಬರುವ ಸ್ಯಾಂಡಿಂಗ್ ಡ್ರಮ್ ಎಂಬ ಉಜ್ಜು ಉರುಳೆಯನ್ನು ನೇರ ಅಂಚಿಗೆ ಮುಟ್ಟಿಸಬೇಡಿ. ಎಷ್ಟು ಹಗುರ ಹಿಡಿದರೂ ಅದು ಅಲ್ಲಲ್ಲಿ ಕಚ್ಚಿ ಅಲೆಅಲೆ ಮಾಡುತ್ತದೆ. ಉಳಿಸಿಟ್ಟ ಒಂದು ಮಿ.ಮೀ. ತೆಗೆಯಲು ನೇರ ಮರದ ಪಟ್ಟಿಗೆ 120 ನಂಬ್ರದ ಉಜ್ಜು ಕಾಗದ ಅಂಟಿಸಿ ಕೈಯಿಂದ ಉಜ್ಜಿ. ಗೆರೆಯ ಗೀರು ಅರ್ಧ ಕಾಣುವಲ್ಲಿಗೆ ನಿಲ್ಲಿಸಿ, ಚೌಕಟ್ಟನ್ನು ಒಮ್ಮೆ ಕೂರಿಸಿ ನೋಡಿ. ಎಲ್ಲಿ ಬಿಗಿ ಉಂಟೋ ಅಲ್ಲಿ ಮಾತ್ರ ಮತ್ತೆ ಎರಡು ಸಲ. ನಿಜವಾಗಿ ಕಿಟಕಿ ಕೂರುವುದು ಈ ಹದಿನೈದು ನಿಮಿಷದಲ್ಲಿ. ಬೇಸರ ಬಂದರೆ ಎದ್ದು ಚಾ ಕುಡಿದು ಬನ್ನಿ, ಅರ ಬಿಟ್ಟು ಯಂತ್ರ ಹಿಡಿಯಬೇಡಿ.

ಕಮಾನು ಮತ್ತು ದುಂಡು ಕಂಡಿ

ಬಾಗಿಲಿನ ಮೇಲೆ ಅರ್ಧಚಂದ್ರ ಬೇಕಾದರೆ ವೃತ್ತ ಕತ್ತರಿಸುವ ಗೈಡು ಸಿಗುತ್ತದೆ. ಒಂದು ತೋಳು, ಅದರ ತುದಿಯಲ್ಲಿ ಮೊಳೆಯಂಥ ಮುಳ್ಳು. ಮುಳ್ಳನ್ನು ಕೇಂದ್ರದ ಸಣ್ಣ ತೂತಿನಲ್ಲಿ ಊರಿ ಕಂಪಾಸಿನ ಹಾಗೆ ಸುತ್ತಿಸುವುದು. ಕೇಂದ್ರ ಬಿಸಾಡುವ ತುಂಡಿನಲ್ಲೇ ಇರುವುದರಿಂದ ಗೋಡೆಗೆ ಗುರುತು ಬೀಳುವುದಿಲ್ಲ. ಕಮಾನಾದರೆ ಮೊದಲು ಕಮಾನು ಕತ್ತರಿಸಿ, ಕೆಳಗಿನ ಚೌಕ ಆಮೇಲೆ. ಚೌಕ ಮೊದಲು ತೆಗೆದರೆ ಮುಳ್ಳು ಊರಲು ಮರವೇ ಉಳಿಯುವುದಿಲ್ಲ. ಉಜ್ಜು ಉರುಳೆಗೆ ಕೆಲಸ ಇರುವುದು ಈ ಕಮಾನಿನ ಒಳಗೆ ಮಾತ್ರ.

ಕಟ್ಟಿ ಮುಗಿದ ಮನೆಗೆ

ಇಲ್ಲಿ ಕ್ಲ್ಯಾಂಪಿಗೆ, ಪಾದಕ್ಕೆ ಜಾಗ ಸಾಲದು. ಹೊರಗಿನಿಂದ ಕತ್ತರಿಸಲು ಬರುವ ಗೋಡೆಯಾದರೆ ಮನೆಯನ್ನು ಆ ಗೋಡೆ ಮೇಲೆ ಬರುವಂತೆ ಮಲಗಿಸಿ, ಒಳಗೆ ಹಳೆ ಬಟ್ಟೆ ತುಂಬಿದ ರಟ್ಟಿನ ಪೆಟ್ಟಿಗೆ ಇಟ್ಟು ಗೋಡೆಗೆ ಆಧಾರ ಕೊಡಿ. ತೆಳು ಪಟ್ಟಿಯನ್ನು ಎರಡು ಬದಿಯ ಟೇಪಿನಲ್ಲಿ ಅಂಟಿಸಿ, ಮಿನಿ ಸಾದಲ್ಲಿ ನಾಲ್ಕು ಗೆರೆ ಮೂಲೆಗೆ ಮುಂಚೆಯೇ ನಿಲ್ಲುವಂತೆ ಕತ್ತರಿಸಿ. ಮೂಲೆಯನ್ನು ತೆಳು ಬ್ಲೇಡಿನ ಕೈಗರಗಸದಲ್ಲಿ ಮುಗಿಸಿ. ಕೋಣೆಯ ಒಳಗೋಡೆಯಾದರೆ ರೈಟ್ ಆ್ಯಂಗಲ್ ಅಟ್ಯಾಚ್‌ಮೆಂಟ್ ಬೇಕು, ಬಿಟ್ಟನ್ನು ಯಂತ್ರಕ್ಕೆ ಲಂಬವಾಗಿ ತಿರುಗಿಸಿ ಕೊಡುತ್ತದೆ. ಆದರೆ ಪಾದ ಇಲ್ಲದೆ ಕೈಯಂದಾಜಿನಲ್ಲಿ ಹೋಗುವ ಕೆಲಸ ಅದು. ಗೆರೆಯಿಂದ ಮೂರು ಮಿ.ಮೀ. ಬಿಟ್ಟು ಕತ್ತರಿಸಿ, ಉಳಿದದ್ದನ್ನು ಅರಕ್ಕೆ ಬಿಡಿ. ನಾನಾದರೆ ಆ ಗೋಡೆಯನ್ನು ಬಿಚ್ಚಲು ಸಾಧ್ಯವೇ ಎಂದು ಮೊದಲು ನೋಡುತ್ತೇನೆ. ಫೆವಿಕಾಲ್‌ನ ಅಂಟಿಗೆ ಬಿಸಿ ನೀರಿನ ಒದ್ದೆ ಬಟ್ಟೆ ಹಿಡಿದರೆ ಎಷ್ಟೋ ಸಲ ಸಡಿಲವಾಗುತ್ತದೆ.

ಕೊನೆಯ ಕೆಲಸ

ಟೇಪನ್ನು ನಿಧಾನವಾಗಿ ಕೀಳಿ, ಇಲ್ಲದಿದ್ದರೆ ಅಂಚಿನ ಪದರ ಜೊತೆಗೇ ಬರುತ್ತದೆ. ಸಿಬರೆದ್ದ ಜಾಗಕ್ಕೆ ಅದೇ ಮರದ ಹುಡಿಯನ್ನು ಫೆವಿಕಾಲ್‌ನಲ್ಲಿ ಕಲಸಿ ತುಂಬಿ, ಒಣಗಿದ ಮೇಲೆ ಉಜ್ಜಿ. ಕಂಡಿಯ ಒಳ ಅಂಚು ನಾಲ್ಕಕ್ಕೂ ಪ್ರೈಮರ್ ಎರಡು ಕೈ. ಹೆಚ್ಚಿನವರು ಮರೆಯುವುದು ಮೇಲಿನ ಅಂಚನ್ನು, ಕಣ್ಣಿಗೆ ಕಾಣದ್ದರಿಂದ. ಶೀತ ಹೊಕ್ಕುವುದೂ ಅಲ್ಲಿಂದಲೇ.

ಗೋಡೆಯ ಬಣ್ಣ ಅಥವಾ ವಾಲ್‌ಪೇಪರ್ ಮುಗಿದ ಮೇಲೆ ಚೌಕಟ್ಟು ಕೂರಿಸಿ. ಅಂಟು ನಾಲ್ಕು ಮೂಲೆಗೆ ಒಂದೊಂದು ಹನಿ ಸಾಕು, ಸುತ್ತಲೂ ಬೇಡ. ಆಟದಲ್ಲಿ ಸರಳು ಮುರಿದರೆ ಕಿಟಕಿಯನ್ನು ಹೊರಗೆ ತೆಗೆಯಲು ಬರಬೇಕಲ್ಲ. ನಮ್ಮಲ್ಲಿ ಮೊದಲ ವಾರವೇ ಎರಡು ಮುರಿದವು.